ಅಂಕಲ್ ಅಂದ್ರೆ ಅಸಲಿಗೆ ಸೋದರಮಾವ

ಪೌತಿ ಖಾತೆಗೆ ಅಂತ ವಂಶವೃಕ್ಷ ಬರೆಸೋಕೆ ಕೂತಿದ್ವಿ. ವಕೀಲರು ಮಾತಿನ ಮಧ್ಯೆ, ಕ್ಲಾಸ್ ಒಂದು ಕ್ಲಾಸ್ ಎರಡು ವಾರಸುದಾರರು ಯಾರೂ ಇಲ್ದೆ ಹೋದ್ರೆ ಆಸ್ತಿ ಆಗ್ನೇಟ್‌ಗಳಿಗೆ ಹೋಗತ್ತೆ, ಅವರೂ ಇಲ್ಲ ಅಂದ್ರೆ ಕಾಗ್ನೇಟ್‌ಗಳಿಗೆ, ಅಂತ ಹೇಳಿದ್ರು. ನಮ್ಮ ದೊಡ್ಡಪ್ಪ ಕನ್ನಡಕ ಮೇಲೆತ್ತಿ "ಹಂಗಂದ್ರೆ ಯಾರು ಸ್ವಾಮಿ?" ಅಂದ್ರು. "ದಾಯಾದಿಗಳು, ಆಮೇಲೆ ನೆಂಟರು" ಅಂದ್ರು ವಕೀಲರು. ಅದಕ್ಕೆ ದೊಡ್ಡಪ್ಪ "ಅಷ್ಟು ಹೇಳೋಕೆ ಇಂಗ್ಲಿಷ್ ಯಾಕೆ" ಅಂತ ಗೊಣಗಿದ್ರು.

ಅದು ಇಂಗ್ಲಿಷೇ ಅಲ್ಲ, ಲ್ಯಾಟಿನ್. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತೆಗೆದು ನೋಡಿ, ಮೂರನೇ ಸೆಕ್ಷನ್‌ನಲ್ಲೇ ಈ ಎರಡು ಪದಗಳ ಡೆಫಿನಿಷನ್ ಇದೆ. ಬರೀ ಗಂಡಸರ ಮೂಲಕವೇ ಸಂಬಂಧ ಬಂದಿದ್ರೆ ಆಗ್ನೇಟ್, ಮಧ್ಯದಲ್ಲಿ ಎಲ್ಲೋ ಒಂದು ಕಡೆ ಹೆಣ್ಣಿನ ಮೂಲಕ ಹಾದು ಬಂದಿದ್ರೆ ಕಾಗ್ನೇಟ್. ರೋಮಿನವರು ಇದನ್ನೇ ಅಗ್ನಾತಿ, ಕಾಗ್ನಾತಿ ಅಂತಿದ್ರು. ಎರಡರಲ್ಲೂ ಇರೋ 'ಗ್ನಾ' ಅನ್ನೋದು ಹುಟ್ಟೋದಕ್ಕೆ ಸಂಬಂಧಪಟ್ಟ ಧಾತು, ಸಂಸ್ಕೃತದ ಜನ್, ಜಾತ ಇವೆಲ್ಲ ಅದರ ಅಕ್ಕತಂಗೀರೇ.

ರೋಮಿನ ಹಳೇ ಕಾನೂನು, ಕ್ರಿ.ಪೂ. 450ರ ಸುಮಾರಿನ ಹನ್ನೆರಡು ಫಲಕಗಳ ಕಾನೂನು, ಹೇಳೋದು ಹೀಗೆ: ವಿಲ್ ಬರೆಯದೆ ಸತ್ತವನ ಮನೇಲಿ ನೇರ ವಾರಸುದಾರ ಇಲ್ಲ ಅಂದ್ರೆ ಹತ್ತಿರದ ಅಗ್ನಾತುಸ್‌ಗೆ ಆಸ್ತಿ, ಅವನೂ ಇಲ್ಲ ಅಂದ್ರೆ ಕುಲದವರಿಗೆ. ಮಗಳ ಮಕ್ಕಳು, ಅಕ್ಕನ ಮಕ್ಕಳು ಲೆಕ್ಕಕ್ಕೇ ಇಲ್ಲ. ನಮ್ಮೂರ ಕಡೆ ಇದನ್ನ ಅರ್ಥ ಮಾಡ್ಕೊಳೋಕೆ ಸುಲಭದ ಉಪಾಯ ಒಂದಿದೆ, ಯಾರು ಸತ್ರೆ ನಿಮ್ಮ ಮನೇಲಿ ಹತ್ತು ದಿನ ಸೂತಕ ಹಿಡೀತೀರೋ ಹೆಚ್ಚುಕಮ್ಮಿ ಅವರೇ ನಿಮ್ಮ ಅಗ್ನಾತಿ. ದತ್ತು ಹೋದವನು ಹೋದ ಮನೆಯ ದಾಯಾದಿ ಆಗ್ತಾನೆ, ರೋಮಲ್ಲೂ ಹಾಗೇ. ಹಳೇ ಪದ್ಧತಿಯಲ್ಲಿ ಮದುವೆಯಾಗಿ ಪೂರ್ತಿ ಗಂಡನ ಅಧಿಕಾರಕ್ಕೆ ಹೋದ ಹೆಣ್ಣು ಗಂಡನ ಮನೆಯವಳೇ ಆಗಿಬಿಡ್ತಾಳೆ, ಅದೂ ಹಾಗೇ.

ನಮ್ಮಲ್ಲಿ ಈ ಭಾಗ ಮಾಡೋಕೆ ಲ್ಯಾಟಿನ್ ಏನೂ ಬೇಕಿರಲಿಲ್ಲ. ಕಲ್ಯಾಣದಲ್ಲಿ, ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕೂತು ಮಿತಾಕ್ಷರ ಅನ್ನೋ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಆಗಲೇ ಗೋತ್ರಜರು ಬೇರೆ, ಬಂಧುಗಳು ಬೇರೆ ಅಂತ ವಿಂಗಡಿಸಿದ್ದ. ಆಮೇಲೆ ಬ್ರಿಟಿಷ್ ಕಾಲದ ಜಡ್ಜುಗಳು ಗೋತ್ರಜರಿಗೆ ಆಗ್ನೇಟ್, ಬಂಧುಗಳಿಗೆ ಕಾಗ್ನೇಟ್ ಅಂತ ತಮಗೆ ಗೊತ್ತಿದ್ದ ರೋಮನ್ ಲೇಬಲ್ ಅಂಟಿಸಿದ್ರು, ಅದೇ ಉಳ್ಕೊಂಡ್ತು. ಇದರಲ್ಲಿ ತಮಾಷೆ ಏನಂದ್ರೆ ರೋಮನ್ ಚಕ್ರವರ್ತಿ ಜಸ್ಟಿನಿಯನ್ 543ರಲ್ಲೇ ಒಂದು ಹೊಸ ಶಾಸನ ತಂದು ಉತ್ತರಾಧಿಕಾರದಲ್ಲಿ ಈ ವ್ಯತ್ಯಾಸವೇ ಬೇಡ ಅಂತ ತೆಗೆದುಹಾಕಿದ್ದ. ಅವರು ಬಿಟ್ಟು 1400 ವರ್ಷ ಆದ್ಮೇಲೆ ನಾವು ಅದೇ ಪದಗಳನ್ನ ಕಾಯ್ದೆಗೆ ಹಾಕ್ಕೊಂಡ್ವಿ.

ಸರಿ, ಈಗ ಅಂಕಲ್ ವಿಷಯಕ್ಕೆ ಬರೋಣ, ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಇಂಗ್ಲಿಷಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆ ಅಂಕಲ್ ಎಲ್ಲರೂ ಒಂದೇ ಅಂತ ನಾವು ನಗಾಡ್ತೀವಲ್ಲ, ಲ್ಯಾಟಿನ್ ಹಾಗಿರಲಿಲ್ಲ. ಅಪ್ಪನ ಅಣ್ಣತಮ್ಮಂದಿರು ಪತ್ರೂಸ್. ಅಪ್ಪನ ಅಕ್ಕತಂಗೀರು ಅಮಿತಾ (ಈ ಹೆಸರಿನವರು ಬೇಜಾರು ಮಾಡ್ಕೋಬೇಡಿ, ರೋಮಿಗೆ ಹೋದ್ರೆ ನೀವು ಹುಟ್ಟಿನಿಂದಲೇ ಸೋದರತ್ತೆ). ಅಮ್ಮನ ಅಣ್ಣತಮ್ಮಂದಿರು ಅವುಂಕುಲುಸ್. ಅಮ್ಮನ ಅಕ್ಕತಂಗೀರು ಮಾತೆರ್ತೆರಾ. ನಾಲ್ಕು ದಿಕ್ಕಿಗೆ ನಾಲ್ಕು ಪದ, ಪಕ್ಕಾ ನಮ್ಮ ಥರಾನೇ. ಪದಗಳು ಹುಟ್ಟಿರೋ ರೀತಿ ನೋಡಿ ಇನ್ನೂ ಮಜಾ ಇದೆ. ಪತ್ರೂಸ್ ಪದದೊಳಗೆ ಪಾತೆರ್, ಅಂದ್ರೆ ಅಪ್ಪ, ಕೂತಿದ್ದಾನೆ, ನಮ್ಮ ಚಿಕ್ಕಪ್ಪನೊಳಗೆ ಅಪ್ಪ ಇರೋ ಹಾಗೆ, ಸಂಸ್ಕೃತದ ಪಿತೃವ್ಯನೊಳಗೆ ಪಿತೃ ಇರೋ ಹಾಗೆ. ಮಾತೆರ್ತೆರಾ ಒಳಗೆ ಮಾತೆರ್ ಇದ್ದಾಳೆ. ಅದು 'ಇನ್ನೊಬ್ಬ ಅಮ್ಮ' ಅನ್ನೋದರಿಂದ ಬಂದಿದ್ದು ಅಂತ ರೋಮಿನ ಹಳೇ ನಿಘಂಟುಕಾರರೇ ವಿವರಿಸಿದ್ರು. ಚಿಕ್ಕಮ್ಮ ದೊಡ್ಡಮ್ಮ ಅನ್ನೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಅವುಂಕುಲುಸ್ ಅಂದ್ರೆ ಅಕ್ಷರಶಃ 'ಪುಟ್ಟ ತಾತ', ತಾತನಿಗೆ ಅವುಸ್ ಅಂತಾರೆ, ಅದಕ್ಕೆ ಮುದ್ದಿನ ಪ್ರತ್ಯಯ ಸೇರಿಸಿ ಅವುಂಕುಲುಸ್. ಅಮ್ಮನ ತವರಲ್ಲಿ ತಾತ ಆದ್ಮೇಲೆ ಇನ್ನೊಬ್ಬ ಗಂಡಸು ಅಂದ್ರೆ ಮಾವ ತಾನೆ.

ಸ್ವಭಾವದಲ್ಲೂ ಇಬ್ಬರಿಗೂ ಅಜಗಜಾಂತರ. ಪತ್ರೂಸ್ ಅಂದ್ರೆ ರೋಮಿನವರಿಗೆ ಗದರೋ ಮನುಷ್ಯ, ಬುದ್ಧಿ ಹೇಳೋ ಮನುಷ್ಯ. ಕವಿ ಹೊರೇಸ್‌ನ ಒಂದು ಪದ್ಯದಲ್ಲಿ 'ನನಗೆ ಪತ್ರೂಸ್ ಆಗೋಕೆ ಬರಬೇಡ' ಅನ್ನೋ ಅರ್ಥದ ಮಾತೇ ಇದೆ, ಅಂದ್ರೆ ಉಪದೇಶ ಸಾಕು ಅಂತ. ಅವುಂಕುಲುಸ್ ಮೇಲೆ ಈ ಥರದ ಅಪವಾದ ಇಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮನ್ ಲೇಖಕ ಹಿರಿಯ ಪ್ಲಿನಿಯ ಕಥೆಯನ್ನ ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರ ಬರೆದು ತಿಳಿಸಿದ್ದು ಆ ಪ್ಲಿನಿಯ ಅಕ್ಕತಂಗಿಯ ಮಗ, ಕಿರಿಯ ಪ್ಲಿನಿ. ಮಾವ ವಿಲ್‌ನಲ್ಲಿ ಅವನನ್ನ ದತ್ತು ಮಗ ಮಾಡ್ಕೊಂಡಿದ್ದ, ಹೆಸರೂ ಕೊಟ್ಟಿದ್ದ, ಆದ್ರೂ ಇವನು ಪತ್ರದಲ್ಲಿ ಕರೆಯೋದು 'ನನ್ನ ಅವುಂಕುಲುಸ್' ಅಂತಲೇ. ಕಾಗದದ ಮೇಲೆ ಅಪ್ಪ ಆದ್ರೂ ಬಾಯಲ್ಲಿ ಮಾವನೇ.

ಈ ಅವುಂಕುಲುಸ್ ಫ್ರೆಂಚಿಗೆ ಹೋಗಿ ಓಂಕ್ಲ್ ಆಯ್ತು, ಅಲ್ಲಿಂದ ಇಂಗ್ಲಿಷಿಗೆ ಬಂದು ಅಂಕಲ್ ಆಯ್ತು. ಅಮಿತಾ ಸವೆದು ಸವೆದು ಆಂಟ್ ಆದ್ಳು, ಅವಳೇ ನಮ್ಮ ಬೀದಿಯ ಆಂಟಿ. ಪತ್ರೂಸ್, ಮಾತೆರ್ತೆರಾ ಇಬ್ಬರೂ ಇಂಗ್ಲಿಷ್ ತನಕ ಬರಲೇ ಇಲ್ಲ. ಹಾಗಾಗಿ ಪದದ ಹುಟ್ಟು ನೋಡಿದ್ರೆ ಅಂಕಲ್ ಅನ್ನಿಸ್ಕೊಳೋ ಹಕ್ಕು ಇರೋದು ಸೋದರಮಾವನಿಗೆ ಮಾತ್ರ, ಆಂಟಿ ಅನ್ನಿಸ್ಕೊಳೋ ಹಕ್ಕು ಸೋದರತ್ತೆಗೆ ಮಾತ್ರ. ಚಿಕ್ಕಪ್ಪನನ್ನ ಅಂಕಲ್ ಅನ್ನೋದು ಟೆಕ್ನಿಕಲಿ ತಪ್ಪು ಅಂತ ನಾನು ಒಂದು ಮದುವೆ ಮನೇಲಿ ವಾದ ಮಾಡಿ ಎಲ್ಲರ ಕೈಲೂ ಬೈಸ್ಕೊಂಡಿದ್ದೀನಿ, ನೀವು ಮಾಡ್ಬೇಡಿ.

ಹಾಗಂತ ಎರಡೂ ಭಾಷೆ ಒಂದೇ ಅಚ್ಚು ಅಂತಲ್ಲ. ನಮಗೆ ವಯಸ್ಸು ಮುಖ್ಯ, ಅಣ್ಣನೋ ತಮ್ಮನೋ ಗೊತ್ತಾಗದೆ ಬಾಯೇ ತೆರೆಯಲ್ಲ ನಾವು. ಲ್ಯಾಟಿನ್‌ನಲ್ಲಿ ಇಬ್ಬರೂ ಫ್ರಾತೆರ್, ಬೇಕೇಬೇಕು ಅಂದ್ರೆ ದೊಡ್ಡ ಫ್ರಾತೆರ್ ಚಿಕ್ಕ ಫ್ರಾತೆರ್ ಅನ್ನಬೇಕು. ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಒಂದೇ ಪತ್ರೂಸ್. ಇನ್ನೊಂದು ಕಡೆ, ನಮ್ಮ ಚಿಕ್ಕಪ್ಪ ಅಂದ್ರೆ ಅಪ್ಪನ ತಮ್ಮನೂ ಆಗಬಹುದು ಚಿಕ್ಕಮ್ಮನ ಗಂಡನೂ ಆಗಬಹುದು, ಪತ್ರೂಸ್ ಮಾತ್ರ ರಕ್ತಸಂಬಂಧಕ್ಕಷ್ಟೇ. ಅದಕ್ಕಿಂತ ದೊಡ್ಡ ವ್ಯತ್ಯಾಸ ಮಾವ ಅನ್ನೋ ಪದದಲ್ಲಿದೆ. ನಮ್ಮಲ್ಲಿ ಅಮ್ಮನ ಅಣ್ಣನೂ ಮಾವ, ಹೆಂಡತಿಯ ಅಪ್ಪನೂ ಮಾವ, ಯಾಕಂದ್ರೆ ಎಷ್ಟೋ ಮನೆಗಳಲ್ಲಿ ಅವರಿಬ್ಬರೂ ಒಬ್ಬನೇ ಮನುಷ್ಯ. ಲ್ಯಾಟಿನ್‌ನಲ್ಲಿ ಹೆಣ್ಣು ಕೊಟ್ಟ ಮಾವ ಸೋಕೆರ್, ಅವನಿಗೂ ಅವುಂಕುಲುಸ್‌ಗೂ ಪದದಲ್ಲಿ ಸಂಬಂಧವೇ ಇಲ್ಲ.

ಕಸಿನ್‌ಗಳ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣತ್ತೆ. ಇಬ್ಬರು ಅಣ್ಣತಮ್ಮಂದಿರ ಮಕ್ಕಳು ಪರಸ್ಪರ ಪತ್ರುಏಲಿಸ್. ಇಬ್ಬರು ಅಕ್ಕತಂಗಿಯರ ಮಕ್ಕಳು ಕೊನ್ಸೊಬ್ರೀನುಸ್, ಈ ಪದದ ಒಳಗೆ ಸೊರೋರ್, ಅಂದ್ರೆ ಸೋದರಿ, ಇದ್ದಾಳೆ. ಒಬ್ಬ ಅಣ್ಣ ಒಬ್ಬ ತಂಗಿ, ಅವರ ಮಕ್ಕಳು ಪರಸ್ಪರ ಅಮಿತೀನುಸ್. ಅಂದ್ರೆ ನಾವು ಅಣ್ಣ ತಂಗಿ ಅಂತ ಕರೆಯೋ ಎರಡು ಗುಂಪು, ಮತ್ತೆ ಅತ್ತೆ ಮಗ ಮಾವನ ಮಗಳು ಅಂತ ಕರೆಯೋ ಒಂದು ಗುಂಪು, ಎಲ್ಲಾ ಬೇರೆಬೇರೆ. ರೋಮಿನ ವಾಗ್ಮಿ ಸಿಸೆರೊ ತನ್ನ ಚಿಕ್ಕಪ್ಪ ದೊಡ್ಡಪ್ಪನ ಕಡೆಯ ಲೂಸಿಯಸ್ ಬಗ್ಗೆ ಬರೀತಾ ಅವನನ್ನ ನೇರವಾಗಿ 'ನಮ್ಮ ಫ್ರಾತೆರ್' ಅಂತಾನೆ, ಆಮೇಲೆ, ಸಂಬಂಧದಲ್ಲಿ ಪತ್ರುಏಲಿಸ್, ಪ್ರೀತಿಯಲ್ಲಿ ಒಡಹುಟ್ಟಿದವನು ಅಂತ ಬಿಡಿಸಿ ಹೇಳ್ತಾನೆ. 'ಸ್ವಂತ ಅಣ್ಣ ಅಲ್ಲ, ದೊಡ್ಡಪ್ಪನ ಮಗ, ಆದ್ರೆ ಸ್ವಂತದ ಥರ' ಅಂತ ನಾವು ಹೇಳೋದು ಇದನ್ನೇ. ಎರಡನೇ ಶತಮಾನದ ಕಾನೂನು ಪಂಡಿತ ಗಾಯಸ್ ಈ ಮೂರೂ ಪದಗಳನ್ನ ನೀಟಾಗಿ ವಿವರಿಸಿ ಕೊನೆಗೆ, ಆದ್ರೆ ಜನ ಎಲ್ಲರನ್ನೂ ಕೊನ್ಸೊಬ್ರೀನುಸ್ ಅಂತಲೇ ಕರೀತಾರೆ ಅಂತ ಬರೀತಾನೆ. ಆಗಲೇ ಕಲಸುಮೇಲೋಗರ ಶುರುವಾಗಿತ್ತು. ಆ ಕೊನ್ಸೊಬ್ರೀನುಸ್ಸೇ ಇವತ್ತಿನ ಕಸಿನ್.

ನಾವು ಈ ಗುಂಪು ಮಾಡ್ಕೊಂಡಿರೋದು ಮುಖ್ಯವಾಗಿ ಹೆಣ್ಣು ಕೊಡೋ ತರೋ ಲೆಕ್ಕಕ್ಕೆ. ರೋಮಿನವರಿಗೆ ಆ ಲೆಕ್ಕ ಇರಲಿಲ್ಲ ಅನ್ನೋದಕ್ಕೆ ಎರಡು ಉದಾಹರಣೆ ಹೇಳ್ತೀನಿ, ಎರಡೂ ಕೇಳಿದ್ರೆ ನಮ್ಮ ಅಜ್ಜಿಯರು ಕಿವಿ ಮುಚ್ಕೊಳ್ತಾರೆ. ಇತಿಹಾಸಕಾರ ಲಿವಿ ಒಬ್ಬ ಹಳೇ ಸೈನಿಕನ ಭಾಷಣ ಕೊಡ್ತಾನೆ, ಸ್ಪೂರಿಯಸ್ ಲಿಗುಸ್ತೀನುಸ್ ಅಂತ, ಕ್ರಿ.ಪೂ. 171ರದ್ದು. ಅವನು ಹೆಮ್ಮೆಯಿಂದ ಹೇಳ್ಕೊಳ್ತಾನೆ, ನಮ್ಮಪ್ಪ ತನ್ನ ಅಣ್ಣತಮ್ಮನ ಮಗಳನ್ನೇ ನನಗೆ ತಂದು ಮದುವೆ ಮಾಡಿದ, ಅವಳು ವರದಕ್ಷಿಣೆ ಏನೂ ತರಲಿಲ್ಲ ಅಂತ. ಚಿಕ್ಕಪ್ಪನ ಮಗಳು! ನಮ್ಮ ಲೆಕ್ಕದಲ್ಲಿ ತಂಗಿ ಅವಳು. ಎರಡನೇದು ಚಕ್ರವರ್ತಿ ಕ್ಲಾಡಿಯಸ್‌ದು. ಕ್ರಿ.ಶ. 49ರಲ್ಲಿ ಅವನು ತನ್ನ ಸ್ವಂತ ಅಣ್ಣ ಜೆರ್ಮಾನಿಕಸ್‌ನ ಮಗಳು ಅಗ್ರಿಪ್ಪಿನಾಳನ್ನ ಮದುವೆಯಾದ. ಅಲ್ಲಿ ತನಕ ಅದು ರೋಮಲ್ಲೂ ನಿಷಿದ್ಧವೇ, ಸೆನೆಟ್ ಕಾನೂನೇ ಬದಲಾಯಿಸಿಕೊಡ್ತು. ಬದಲಾಯಿಸಿದ್ದು ಹೇಗೆ ಅಂದ್ರೆ, ಅಣ್ಣತಮ್ಮನ ಮಗಳನ್ನ ಆಗಬಹುದು, ಅಕ್ಕತಂಗಿಯ ಮಗಳನ್ನ ಮಾತ್ರ ಆಗಬಾರದು! ನಮ್ಮ ಕಡೆ ಅಕ್ಕನ ಮಗಳನ್ನ ತರೋದು ತಲೆತಲಾಂತರದಿಂದ ಬಂದ ರೂಢಿ, ಅಣ್ಣನ ಮಗಳು ಅಂದ್ರೆ ಸ್ವಂತ ಮಗಳೇ. ಕನ್ನಡಿಯಲ್ಲಿ ನೋಡಿದ ಹಾಗೆ ಪೂರ್ತಿ ಉಲ್ಟಾ. ಕೊನೆಗೆ 342ರಲ್ಲಿ ಎರಡನ್ನೂ ನಿಷೇಧ ಮಾಡಿದ್ರು.

19ನೇ ಶತಮಾನದಲ್ಲಿ ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಅನ್ನೋರು ಜಗತ್ತಿನ ಭಾಷೆಗಳ ಸಂಬಂಧವಾಚಕ ಪದಗಳನ್ನೆಲ್ಲ ಕೂಡಿಹಾಕಿ ದೊಡ್ಡ ಪಟ್ಟಿ ಮಾಡಿ 1871ರಲ್ಲಿ ಪ್ರಕಟಿಸಿದ್ರು, ಅದರಲ್ಲಿ ಲ್ಯಾಟಿನ್ ಜೊತೆ ತಮಿಳು, ತೆಲುಗು, ಕನ್ನಡವೂ ಇದೆ. ಪ್ರತಿ ಸಂಬಂಧಕ್ಕೂ ಬೇರೆ ಪದ ಇಟ್ಟು ಬಿಡಿಸಿ ಹೇಳೋದು ರೋಮಿನ ದಾರಿ, ಚಿಕ್ಕಪ್ಪನ ಮಗನನ್ನ ಅಣ್ಣತಮ್ಮನ ಗುಂಪಿಗೆ ಸೇರಿಸಿಬಿಡೋದು ನಮ್ಮ ದಾರಿ. ಇನ್ನು ತುಳುನಾಡಿನ ಅಳಿಯಸಂತಾನ ಬೇರೆಯದೇ ಕಥೆ, ಅಲ್ಲಿ ಆಸ್ತಿ ಹರೀತಿದ್ದಿದ್ದೇ ಮಾವನಿಂದ ಅಳಿಯನಿಗೆ, ಅಂದ್ರೆ ಅಕ್ಕತಂಗಿಯ ಮಗನಿಗೆ, ಹನ್ನೆರಡು ಫಲಕದ ರೋಮಿನವನಿಗೆ ಅದನ್ನ ಅರ್ಥ ಮಾಡಿಸೋಕೆ ಒಂದು ದಿನ ಬೇಕಾಗ್ತಿತ್ತು.

ಈಗ ಏಣಿ ಹತ್ತೋಣ. ಪಾತೆರ್ ಅಪ್ಪ, ಅವುಸ್ ತಾತ, ಪ್ರೊಅವುಸ್ ಮುತ್ತಾತ, ಅಬವುಸ್ ಅವನಪ್ಪ, ಅತವುಸ್ ಅವನಪ್ಪ, ತ್ರಿತವುಸ್ ಅವನಪ್ಪ. ಆರು ಮೆಟ್ಟಿಲಿಗೂ ಹೆಸರು! ಹೆಂಗಸರಿಗೂ ಹಾಗೇ, ಅವಿಯಾ ಅಂದ್ರೆ ಅಜ್ಜಿ, ಪ್ರೊಅವಿಯಾ ಮುತ್ತಜ್ಜಿ, ಹೀಗೇ ತ್ರಿತವಿಯಾ ತನಕ. ಪ್ರೊಅವುಸ್‌ನ 'ಪ್ರೊ', ಪ್ರಪಿತಾಮಹನ 'ಪ್ರ' ಎರಡೂ ಒಂದೇ ಮೂಲದ್ದು. ಶ್ರಾದ್ಧದ ಸಂಕಲ್ಪದಲ್ಲಿ ಪಿತೃ ಪಿತಾಮಹ ಪ್ರಪಿತಾಮಹ ಅಂತ ಮೂರು ತಲೆಮಾರಿಗೆ ನಿಲ್ಲಿಸ್ತೀವಲ್ಲ, ರೋಮಿನವರು ಇನ್ನೂ ಮೂರು ಮೇಲೆ ಹೋಗ್ತಿದ್ರು. ಪ್ಲಾಟಸ್‌ನ ಒಂದು ನಾಟಕದಲ್ಲಿ ಕಂಡೋರ ಮನೇಲಿ ಬಿಟ್ಟಿ ಊಟ ಮಾಡೋದನ್ನೇ ಕಸುಬು ಮಾಡ್ಕೊಂಡಿರೋ ಒಬ್ಬ, ಇದು ನಮ್ಮ ವಂಶದ ಕಸುಬು ಅಂತ ಅಪ್ಪನಿಂದ ಹಿಡಿದು ತ್ರಿತವುಸ್ ತನಕ ಆರೂ ಜನರ ಹೆಸರು ಸಾಲಾಗಿ ಹೇಳಿ, ಅವರೆಲ್ಲ ಇಲಿಗಳ ಥರ ಬೇರೆಯವರ ಅನ್ನ ತಿಂದೇ ಬದುಕಿದ್ರು ಅಂತಾನೆ. ಆರೂ ಪದ ಒಟ್ಟಿಗೆ ನೆನಪಿಟ್ಕೊಳೋಕೆ ಇದಕ್ಕಿಂತ ಒಳ್ಳೆ ಸಾಲು ನನಗೆ ಸಿಕ್ಕಿಲ್ಲ. ಅಂದಹಾಗೆ ಜೀವಶಾಸ್ತ್ರದಲ್ಲಿ ಎಷ್ಟೋ ತಲೆಮಾರಿನ ಹಿಂದಿನ ಗುಣ ಥಟ್ಟಂತ ಮತ್ತೆ ಕಾಣಿಸ್ಕೊಂಡ್ರೆ ಅಟವಿಸಂ ಅಂತಾರಲ್ಲ, ಅದು ಈ ಅತವುಸ್ ತಾತನ ಹೆಸರೇ.

ಕೆಳಕ್ಕೆ ಇಳಿದ್ರೂ ಆರೇ ಮೆಟ್ಟಿಲು: ಫೀಲಿಯುಸ್ ಮಗ, ನೆಪೋಸ್ ಮೊಮ್ಮಗ, ಪ್ರೊನೆಪೋಸ್ ಮರಿಮಗ, ಆಮೇಲೆ ಅಬ್ನೆಪೋಸ್, ಅದ್ನೆಪೋಸ್, ತ್ರಿನೆಪೋಸ್.

ಇಲ್ಲಿ ನೆಪೋಸ್ ಒಂದು ತಲೆನೋವು. ಹಳೇ ಲ್ಯಾಟಿನ್‌ನಲ್ಲಿ ಅದು ಮೊಮ್ಮಗ ಅಷ್ಟೇ, ಸಂಸ್ಕೃತದ ನಪ್ತೃ ಅದರ ಬಂಧು. ಅಣ್ಣನ ಮಗ ಅಕ್ಕನ ಮಗ ಅನ್ನೋಕೆ ಒಂಟಿ ಪದವೇ ಇರಲಿಲ್ಲ, 'ಫ್ರಾತೆರ್‌ನ ಮಗ' ಅಂತ ಬಿಡಿಸಿಯೇ ಹೇಳಬೇಕಿತ್ತು. ಬರ್ತಾ ಬರ್ತಾ ನೆಪೋಸ್ ಅದಕ್ಕೂ ಬಳಕೆಗೆ ಬಂತು. ಇಟಾಲಿಯನ್‌ನಲ್ಲಿ ಇವತ್ತಿಗೂ ನಿಪೋತೆ ಅಂದ್ರೆ ಮೊಮ್ಮಗನೂ ಹೌದು ಅಣ್ಣನ ಮಗನೂ ಹೌದು, ಇಂಗ್ಲಿಷಿನ ನೆಫ್ಯೂ ಕೂಡ ಈ ನೆಪೋಸ್‌ನಿಂದಲೇ ಬಂದಿದ್ದು. ಪೋಪ್‌ಗಳಿಗೆ ಅಧಿಕೃತವಾಗಿ ಮಕ್ಕಳಿರಲ್ಲ, ಹಾಗಾಗಿ ಒಳ್ಳೊಳ್ಳೆ ಹುದ್ದೆಗಳೆಲ್ಲ ಅವರ ನಿಪೋತೆಗಳಿಗೆ ಹೋಗ್ತಿತ್ತು, ನೆಪೋಟಿಸಂ ಅನ್ನೋ ಪದ ಹುಟ್ಟಿದ್ದು ಹಾಗೆ. ನಮ್ಮ ಪಾರ್ಟಿಗಳಲ್ಲಿ ನೇರ ಮಗನಿಗೇ ಟಿಕೆಟ್ ಕೊಡ್ತಾರೆ, ಸೋ ಪದ ಅಷ್ಟು ಹೊಂದಲ್ಲ. ತಮಾಷೆ ಇರಲಿ, ಯುರೋಪಿನ ಹಳೇ ಚರ್ಚ್ ರಿಜಿಸ್ಟರ್‌ಗಳಲ್ಲಿ ಲ್ಯಾಟಿನ್‌ನಲ್ಲಿ ನೆಪೋಸ್ ಅಂತ ಕಂಡ್ರೆ ತಕ್ಷಣ ಮೊಮ್ಮಗ ಅಂತ ಬರ್ಕೊಂಡ್ರೆ ಇಡೀ ವಂಶವೃಕ್ಷ ಒಂದು ತಲೆಮಾರು ಜಾರಿಬಿಡತ್ತೆ, ಕಾಲ ಯಾವುದು ಅಂತ ನೋಡ್ಕೊಂಡು ಓದಬೇಕು.

ಸಂಬಂಧ ಎಷ್ಟು ಹತ್ತಿರ ಅಂತ ಅಳೆಯೋಕೆ ರೋಮಿನವರು ಗ್ರಾದುಸ್ ಅಂತಿದ್ರು, ಮೆಟ್ಟಿಲು ಅಂತ ಅರ್ಥ, ಇಂಗ್ಲಿಷಿನ ಡಿಗ್ರಿ ಇದರಿಂದಲೇ. ಲೆಕ್ಕ ಸುಲಭ. ನಿಮ್ಮಿಂದ ಇಬ್ಬರಿಗೂ ಸಾಮಾನ್ಯ ಇರೋ ಹಿರಿಯನ ತನಕ ಹತ್ತಿ, ಅಲ್ಲಿಂದ ಆ ಇನ್ನೊಬ್ಬನ ತನಕ ಇಳೀರಿ, ಎಷ್ಟು ಹೆಜ್ಜೆ ಆಯ್ತೋ ಅಷ್ಟನೇ ಡಿಗ್ರಿ. ಅಪ್ಪ ಒಂದು. ಅಣ್ಣ ಎರಡು, ಯಾಕಂದ್ರೆ ಅಪ್ಪನ ಹತ್ರ ಹತ್ತಿ ಇಳೀಬೇಕು. ಚಿಕ್ಕಪ್ಪ ಮೂರು. ಚಿಕ್ಕಪ್ಪನ ಮಗ ನಾಲ್ಕು. ಚರ್ಚಿನವರು ಮಧ್ಯಯುಗದಲ್ಲಿ ಒಂದೇ ಕಡೆಯ ಮೆಟ್ಟಿಲು ಎಣಿಸೋಕೆ ಶುರು ಮಾಡಿದ್ರು, ಅವರ ಪ್ರಕಾರ ಅದೇ ಚಿಕ್ಕಪ್ಪನ ಮಗ ಎರಡನೇ ಡಿಗ್ರಿ, ಏಳನೇ ಡಿಗ್ರಿ ತನಕ ಮದುವೆ ಬೇಡ ಅಂತಿದ್ರು, ಒಂದು ಹಳ್ಳೀಲಿ ಆ ನಿಯಮ ಪಾಲಿಸಿದ್ರೆ ಹೆಣ್ಣೇ ಸಿಗಲ್ಲ, 1215ರ ಲ್ಯಾಟೆರನ್ ಸಭೆಯಲ್ಲಿ ಅದನ್ನ ನಾಲ್ಕಕ್ಕೆ ಇಳಿಸಿದ್ರು. ನಮ್ಮ ದೇಶದಲ್ಲಿ ಮುಖ್ಯವಾಗಿ ಕ್ರೈಸ್ತರಿಗೆ ಅನ್ವಯಿಸೋ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಒಂದು ಕೋಷ್ಟಕ ಇದೆ, ಅದು ರೋಮನ್ ಎಣಿಕೆಯೇ. 1956ರ ಹಿಂದೂ ಕಾಯ್ದೆ ಮಾತ್ರ ಸತ್ತವನನ್ನೂ ಸೇರಿಸಿ ಎಣಿಸು ಅನ್ನತ್ತೆ, ಅಂದ್ರೆ ಒಂದು ಜಾಸ್ತಿ. ಎರಡೂ ಕಾಯ್ದೆ ಒಟ್ಟಿಗೆ ಓದೋರು ಇಲ್ಲಿ ಎಡವೋದು ಗ್ಯಾರಂಟಿ.

ಮೂರನೇ ಶತಮಾನದ ಶುರುವಿನ ಕಾನೂನು ಪಂಡಿತ ಪೌಲುಸ್ ಕೂತು ಪ್ರತಿ ಡಿಗ್ರಿಯಲ್ಲೂ ಎಷ್ಟು ಬಗೆಯ ನೆಂಟರು ಬರ್ತಾರೆ ಅಂತ ಎಣಿಸಿದ್ದಾನೆ. ಮೊದಲನೇದರಲ್ಲಿ 4, ಅಪ್ಪ ಅಮ್ಮ ಮಗ ಮಗಳು. ಎರಡನೇದರಲ್ಲಿ 12. ಮೂರನೇದರಲ್ಲಿ 32. ಏಳನೇದಕ್ಕೆ ಬರೋ ಹೊತ್ತಿಗೆ 1024! ಎಕ್ಸೆಲ್ ಇಲ್ಲದ ಕಾಲದಲ್ಲಿ. ಈ ಬರಹ 533ರಲ್ಲಿ ಜಸ್ಟಿನಿಯನ್ ಮಾಡಿಸಿದ ಡೈಜೆಸ್ಟ್ ಅನ್ನೋ ಸಂಕಲನದಲ್ಲಿ ಸೇರಿರೋದ್ರಿಂದ ಉಳಿದಿದೆ.

ಮದುವೆಯಿಂದ ಬಂದ ಸಂಬಂಧಗಳನ್ನ ಬೇಗ ಮುಗಿಸ್ತೀನಿ. ಸೋಕೆರ್ ಮಾವ, ಸಂಸ್ಕೃತದ ಶ್ವಶುರ. ಸೋಕ್ರುಸ್ ಅತ್ತೆ, ಶ್ವಶ್ರೂ. ನೂರುಸ್ ಅಂದ್ರೆ ಸೊಸೆ, ಸಂಸ್ಕೃತದಲ್ಲಿ ಸ್ನುಷಾ, ನಮ್ಮ ಸೊಸೆ ಅದರ ತದ್ಭವ, ಹಾಗಾಗಿ ನೂರುಸ್ಸೂ ಸೊಸೆಯೂ ಒಂದೇ ಬೇರಿನ ಎರಡು ಚಿಗುರು. ಲೇವಿರ್ ಗಂಡನ ಅಣ್ಣತಮ್ಮ, ಹಿಂದಿಯವರು ದೇವರ್ ಅಂತಾರಲ್ಲ ಅದೇ ಮೂಲ. ಗ್ಲೋಸ್ ಅಂದ್ರೆ ನಾದಿನಿ, ಗಂಡನ ಅಕ್ಕತಂಗಿ. ಇಯಾನಿತ್ರೀಕೆಸ್ ಅಂದ್ರೆ ಅಣ್ಣತಮ್ಮಂದಿರ ಹೆಂಡತಿಯರು, ಇಂಗ್ಲಿಷಲ್ಲಿ ಇದಕ್ಕೆ ಪದವೇ ಇಲ್ಲ, ನಮಗೆ ವಾರಗಿತ್ತಿ ಇದ್ದಾಳೆ. ಗಮನಿಸಿ, ಈ ಕೊನೆಯ ಮೂರೂ ಸೊಸೆಯಾಗಿ ಬಂದವಳ ಕಣ್ಣಿಂದ ನೋಡಿದ ಪದಗಳು, ಹೊಸ ಮನೇಲಿ ಹೆಸರು ಹುಡುಕಬೇಕಿದ್ದಿದ್ದು ಅವಳೇ ತಾನೆ. ಮಲತಾಯಿಗೆ ನೊವೆರ್ಕಾ. ಸೈನ್ಯದ ಬಿಡಾರ ಹೂಡುವಾಗ ಮೇಲಿಂದ ಅಪಾಯ ಬರೋ ಹಾಗೆ ಗುಡ್ಡ ಇರೋ ಕೆಟ್ಟ ಜಾಗಕ್ಕೂ ರೋಮನ್ ಸೈನಿಕರು ನೊವೆರ್ಕಾ ಅಂತಲೇ ಕರೀತಿದ್ರಂತೆ. ಮಲತಾಯಿ ಧೋರಣೆ ಅಂತ ದಿನಾ ಪೇಪರಲ್ಲಿ ಬರೆಯೋ ನಾವೇನು ಕಮ್ಮಿ ಇಲ್ಲ ಬಿಡಿ.

ಆರು ಮೆಟ್ಟಿಲು ದಾಟಿದ್ಮೇಲೆ ಏನು? ಅದನ್ನೂ ಪೌಲುಸ್ ಹೇಳಿದ್ದಾನೆ. ತ್ರಿತವುಸ್‌ಗಿಂತ ಮೇಲಿನವರಿಗೆ ಪ್ರತ್ಯೇಕ ಹೆಸರಿಲ್ಲ, ಅವರೆಲ್ಲ ಮಾಯೋರೆಸ್. ತ್ರಿನೆಪೋಸ್‌ಗಿಂತ ಕೆಳಗಿನವರು ಪೋಸ್ತೆರಿಯೋರೆಸ್, ಅಂದ್ರೆ ಆಮೇಲೆ ಬರೋರು. ಮಾಯೋರೆಸ್ ಅಂದ್ರೆ ಅಕ್ಷರಶಃ ಹಿರಿಯರು, ದೊಡ್ಡೋರು. ಪೂರ್ವಜರಿಗೆ ನಾವು 'ನಮ್ಮ ಹಿರೀಕರು' ಅನ್ನೋದು, ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡೋದು, ಎಲ್ಲಾ ಅದೇ ಅರ್ಥ. ಅವರೂ ಎಡೆ ಇಡ್ತಿದ್ರು, ಫೆಬ್ರವರಿ 13ರಿಂದ 21ರ ತನಕ ಪಾರೆಂತಾಲಿಯಾ ಅಂತ, ಊರ ಹೊರಗಿನ ಸಮಾಧಿಗಳ ಹತ್ರ ಹೂವು, ಧಾನ್ಯ, ಉಪ್ಪು, ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ ಇಟ್ಟು ಬರೋರು. ಮಾರನೇ ದಿನ 22ಕ್ಕೆ ಬದುಕಿರೋ ನೆಂಟರೆಲ್ಲ ಸೇರಿ ಊಟ. ದೊಡ್ಡ ಹುದ್ದೆ ಹಿಡಿದವರ ಮನೆ ಪಡಸಾಲೆಯಲ್ಲಿ ಸತ್ತ ಹಿರಿಯರ ಮುಖದ ಮೇಣದ ಅಚ್ಚು ಬೀರುವಲ್ಲಿ ಇಟ್ಟಿರೋರು, ಮನೇಲಿ ಯಾರಾದ್ರೂ ಸತ್ತಾಗ ಆ ಮುಖಗಳನ್ನ ಹಾಕ್ಕೊಂಡವರು ಮೆರವಣಿಗೆಯಲ್ಲಿ ನಡೀತಿದ್ರು ಅಂತ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ.

ನಮ್ಮ ವಂಶವೃಕ್ಷ ಕೊನೆಗೆ ನಾಲ್ಕು ತಲೆಮಾರಿಗೆ ನಿಂತ್ತು. ಮುತ್ತಾತನ ಅಪ್ಪನ ಹೆಸರು ಯಾರಿಗೂ ಗೊತ್ತಿರಲಿಲ್ಲ, ರೋಮಿನ ಲೆಕ್ಕದಲ್ಲಿ ಅಬವುಸ್, ಅವನೂ ಸೇರಿ ಇನ್ನೂ ಮೂರು ಹೆಸರು ಬಾಕಿ ಇರುವಾಗಲೇ ನಾವು ಮುಗಿಸಿಬಿಟ್ವಿ. ವಕೀಲರು ಮುತ್ತಾತನ ಹೆಸರಿನ ಮೇಲೆ 'ಮೂಲ ಪುರುಷ' ಅಂತ ಬರೆದು, ಕೆಳಗೆ ಮೃತ ಅಂತ ಸೇರಿಸಿ, ಸಹಿಗೆ ಕೊಟ್ರು. ದೊಡ್ಡಪ್ಪ ಸಹಿ ಹಾಕೋಕೆ ಮುಂಚೆ ಸ್ವಲ್ಪ ಹೊತ್ತು ಆ ಕಾಗದ ನೋಡಿ, "ಇವನಿಗೂ ಒಬ್ಬ ಅಪ್ಪ ಇದ್ದಿರಬೇಕಲ್ಲಯ್ಯಾ" ಅಂದ್ರು.